ಅಬ್ಬಿ ಹತ್ತಿದ ಮೀನಿನ ಫೋಟೋ

ನೀರಿನಿಂದ ಮೇಲೆ ಚಿಮ್ಮಿದ ಮೀನು ಬಂಡೆಗೆ ಬಡಿದು ಕೆಳಗೆ ಬೀಳುತ್ತಿತ್ತು. ಬಿದ್ದು ಮತ್ತೆ ಚಿಮ್ಮುತ್ತಿತ್ತು. ಮೊದಲ ಮಳೆ ಬಂತೆಂದರೆ ಹೊಳೆಯ ಮೀನುಗಳು ಮೊಟ್ಟೆಯಿಡಲು ನಮ್ಮೂರ ಪುಟ್ಟ ಜಲಪಾತ, ಅಂದರೆ ಅಬ್ಬಿಯನ್ನು ಹತ್ತಿ ಮೇಲಿನ ಗದ್ದೆಗಳಿಗೆ ಹೋಗುತ್ತಿದ್ದವು. ನಮಗದು ಹೊಸತೇನಲ್ಲ. ಆದರೆ ಅದರಿಂದಲೇ ನನ್ನಣ್ಣ ದೇವಪ್ಪನ ಮದುವೆ ಮುರಿಯುವುದರಲ್ಲಿತ್ತು.

ಹೆಣ್ಣು ನೋಡಲು ಬಯಲುಸೀಮೆಗೆ ಹೋಗಿದ್ದೆವು. ಹುಡುಗಿ ಸುಲೋಚನಾಳನ್ನು ಕಂಡದ್ದೇ ಅಣ್ಣನ ನಾಲಿಗೆ ಸಡಿಲಾಯಿತು. ತೆಪ್ಪಗೆ ಉಪ್ಪಿಟ್ಟು ತಿನ್ನುವುದು ಬಿಟ್ಟು, "ನಮ್ಮೂರಲ್ಲಿ ಮೀನು ಅಬ್ಬಿ ಹತ್ತುತ್ವೆ" ಎಂದುಬಿಟ್ಟ. ಅವಳಪ್ಪ ಹಾಲಪ್ಪ ಮಾಸ್ತರು ಕಾಫಿಲೋಟ ಕೆಳಗಿಟ್ಟರು.

"ಇವತ್ತು ಮೀನು ಹತ್ತಿಸಿದೋನು ನಾಳೆ ಎಮ್ಮೆ ಹಾರಿಸ್ತಾನೆ. ಸುಳ್ಳು ಹೇಳೋ ಮನೆಗೆ ನಾನು ಹೆಣ್ಣು ಕೊಡಲ್ಲ."

"ಫೋಟೋ ತೆಗೆದು ತರ್ತೀನಿ" ಎಂದ ಅಣ್ಣ. ಅವನದೊಂದು ಸ್ಟುಡಿಯೋ ಇತ್ತು.

ಮಳೆ ಶುರುವಾದದ್ದೇ ಕ್ಯಾಮೆರಾಕ್ಕೆ ಕೊಡೆ ಹಿಡಿಯಲು ನನ್ನನ್ನು ಎಳೆದುಕೊಂಡು ಅಬ್ಬಿಗೆ ಹೋದ. ಅವನು ಜನ್ಮದಲ್ಲಿ ತೆಗೆದದ್ದೆಲ್ಲ ಕುರ್ಚಿಯಲ್ಲಿ ಕೂತವರ ಫೋಟೋ. "ಅಲ್ಲಾಡಬೇಡಿ, ರೆಡಿ, ಒನ್, ಟೂ, ತ್ರೀ" ಎನ್ನದೆ ಅವನ ಬೆರಳು ಗುಂಡಿ ಒತ್ತುತ್ತಲೇ ಇರಲಿಲ್ಲ. ಮೀನು ಚಿಮ್ಮಿದರೂ ಅದೇ ಮಂತ್ರ. "ತ್ರೀ" ಬರುವಷ್ಟರಲ್ಲಿ ಅದು ನೀರಿಗೆ ಬಿದ್ದಾಗಿರುತ್ತಿತ್ತು.

"ಬಾಯಿ ಮುಚ್ಕಂಡು ಒತ್ತೋ ಮಾರಾಯ! ಮೀನೇನು ಮದುಮಗಳಾ?"

"ಬಾಯಿ ಮುಚ್ಚಿದ್ರೆ ಬೆರಳು ಆಡಲ್ಲ ಕಣೇ" ಎಂದ, ಅಳುವ ದನಿಯಲ್ಲಿ.

ಫಿಲ್ಮು ತೊಳೆದು ನೋಡಿದರೆ ಎಲ್ಲದರಲ್ಲೂ ಬರೀ ಬಂಡೆ. ಮರುದಿನ ನಾನೇ ಕ್ಯಾಮೆರಾ ಕಿತ್ತುಕೊಂಡು, "ನೀನು ಅಬ್ಬಿ ಪಕ್ಕ ನಿಲ್ಲು, ಮೀನು ಎಷ್ಟೆತ್ತರ ಹಾರ್ತದೆ ಅಂತ ಮಾಸ್ತರಿಗೆ ಗೊತ್ತಾಗ್ಲಿ" ಎಂದೆ. ಆಸಾಮಿ ಆ ಮಳೆಯಲ್ಲೂ ತಲೆ ಬಾಚಿಕೊಂಡು, ಗದ್ದ ತಗ್ಗಿಸಿ, ಉಸಿರು ಬಿಗಿಹಿಡಿದು ನಿಂತ. ಅಬ್ಬಿಯಿಂದ ಚಿಮ್ಮಿದ ಮೀನೊಂದು ನೇರ ಅವನ ಕೆನ್ನೆಗೆ ಬಾರಿಸಿತು. ನಾನು ಗುಂಡಿ ಒತ್ತಿದೆ.

ಆ ಫೋಟೋ ಹಿಡಿದು ಮತ್ತೆ ಬಯಲುಸೀಮೆಗೆ ಹೋದೆವು. ಮೀನು ಅದರಲ್ಲಿ ಬರೀ ಬಿಳಿ ಗೀಟಾಗಿ ಮೂಡಿತ್ತು. ಮಾಸ್ತರು ಕನ್ನಡಕ ಏರಿಸಿ, ಇಳಿಸಿ ನೋಡಿದರು.

"ಇದು ಮೀನಲ್ಲ, ಟವೆಲು."

ಅಣ್ಣ ತಲೆ ತಗ್ಗಿಸಿದ. ಆ ಹುಡುಗಿಯ ಮೇಲೆ ಅವನಿಗೆ ಪ್ರಾಣವೇ ಇತ್ತು. ಅಷ್ಟರಲ್ಲಿ ಸುಲೋಚನಾ ಒಳಗಿನಿಂದ ಬಂದು ಫೋಟೋ ತೆಗೆದುಕೊಂಡಳು. ನೋಡಿದಳು. ಕಂಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಅಪ್ಪಾ, ಮೀನು ನಂಗೂ ಕಾಣಲ್ಲ. ಆದ್ರೆ ಈ ಮುಖ ನೋಡು. ಇದಕ್ಕೆ ಸುಳ್ಳು ಹೇಳೋಕೆ ಬರುತ್ತಾ? ನಾನು ಇವರನ್ನೇ ಮದುವೆ ಆಗೋದು."

ಮಾಸ್ತರು ಬೇಡವೆಂದರು, ಗದರಿದರು, ಒಪ್ಪೊತ್ತು ಊಟ ಬಿಟ್ಟರು. ಅವಳು ಜಗ್ಗಲಿಲ್ಲ. ಬೇಸಿಗೆಯಲ್ಲಿ ಮದುವೆಯಾಯಿತು. ಧಾರೆಯೆರೆಯುವಾಗಲೂ ಮಾಸ್ತರ ಮುಖ ಹರಳೆಣ್ಣೆ ಕುಡಿದಂತೆಯೇ ಇತ್ತು.

ಮೊದಲ ಮಳೆಗೆ ಮಾಸ್ತರು ಹೇಳದೆ ಕೇಳದೆ ನಮ್ಮೂರಿಗೆ ಬಂದಿಳಿದರು. ಅಬ್ಬಿಗೆ ಕರೆದೊಯ್ದೆವು. ಮೀನುಗಳು ಒಂದರ ಹಿಂದೊಂದು ಚಿಮ್ಮುತ್ತಿದ್ದವು. ಮಾಸ್ತರು ಕೊಡೆ ಹಿಡಿದು ಕಲ್ಲಾಗಿ ನಿಂತರು. ತಪ್ಪಾಯಿತೆಂದು ಒಂದು ಮಾತು ಬಂದೀತೆಂದು ಕಾದೆ, ಬರಲಿಲ್ಲ. "ಬರ್ತೀನಿ, ನೀವು ನಡೀರಿ" ಎಂದರು.

ತಿರುವಿನಲ್ಲಿ ನಾವು ಮೂವರೂ ಹಿಂತಿರುಗಿ ನೋಡಿದೆವು. ಕೊಡೆ ಬದಿಗಿಟ್ಟು, ಪಂಚೆ ಎತ್ತಿ ಕಟ್ಟಿ, ಮಾಸ್ತರು ನೀರಿಗಿಳಿದಿದ್ದರು. ಬಿದ್ದು ಬಿದ್ದು ಸೋತಿದ್ದ ಮೀನೊಂದನ್ನು ಬೊಗಸೆಯಲ್ಲಿ ಎತ್ತಿಕೊಂಡು ಬಂಡೆ ಹತ್ತುತ್ತಿದ್ದರು.

"ಹೋಗಮ್ಮ, ಹೋಗು. ನೀನೂ ಹಟಮಾರಿ. ಯಾರು ಬೇಡ ಅಂದ್ರೂ ಕೇಳೋಳಲ್ಲ" ಎನ್ನುತ್ತ ಅದನ್ನು ಮೇಲಿನ ನೀರಿಗೆ ಬಿಟ್ಟರು.

ಸುಲೋಚನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೀನು ಹೋದ ಮೇಲೂ ಮಾಸ್ತರು ಖಾಲಿ ಕೈಗಳನ್ನು ನೀರಿನಲ್ಲೇ ಇಟ್ಟುಕೊಂಡು ಬಹಳ ಹೊತ್ತು ಬಗ್ಗಿ ನಿಂತಿದ್ದರು.