ಎರಡು ಬಣ್ಣ ಕುಡಿದ ರೇಡಿಯೇಟರ್

ನಾನು ಒಂದು ರೇಡಿಯೇಟರ್. ಅಲ್ಯೂಮಿನಿಯಂ ಕೊಳವೆಗಳ ನಡುವೆ ತೆಳು ತಗಡಿನ ನಿರಿಗೆ ಹಿಡಿದು ನನ್ನನ್ನು ಮಾಡಿದರು. ಸಣ್ಣ ಲಗೇಜು ಗಾಡಿಯೊಂದಕ್ಕೆ ಕೂರಿಸಿ ಎಂಜಿನ್ ತಂಪಿಡುವ ಹಸಿರು ದ್ರವ, ಕೂಲಂಟ್, ಕುಡಿಸಿದ ದಿನ ನನಗೆ ಜೀವ ಬಂತು. ಅಂದಿನಿಂದ ನೆಮ್ಮದಿ ಎಂಬುದು ಗೊತ್ತಿಲ್ಲ. ಎಂಜಿನ್ನಿನ ಬಿಸಿ ಒಳಗೆ ನುಗ್ಗುತ್ತಲೇ ಇರುತ್ತದೆ, ಅದನ್ನು ಗಾಳಿಗೆ ಬಿಡುತ್ತಲೇ ಇರಬೇಕು.

ಮೊದಲ ಧಣಿ ವಿರೂಪಣ್ಣ ಗಂಗಾವತಿಯಲ್ಲಿ ಅಕ್ಕಿ ಮೂಟೆ ಹೇರುತ್ತಿದ್ದ. ಹಳೆಯದನ್ನು ಬಸಿದು, ತೊಳೆದು, ಮತ್ತೆ ಅದೇ ಜಾತಿಯ ಹಸಿರನ್ನೇ ತುಂಬುತ್ತಿದ್ದ.

ಎರಡನೆಯವನು ಯಮನೂರಪ್ಪ. ಒಳ್ಳೆಯವನು, ಆದರೆ ಅವಸರದವನು. ಕಡಿಮೆಯಾದಾಗಲೆಲ್ಲ ಅಣ್ಣನ ಕಾರಿನಿಂದ ಉಳಿದ ಕೆಂಪು ಕೂಲಂಟನ್ನು ನನಗೆ ಬಗ್ಗಿಸುತ್ತಿದ್ದ. ಒಂದು ಬೆಳಿಗ್ಗೆ, ತನ್ನ ಹೊಸ ಕೃಷಿಹೊಂಡಕ್ಕೆ ಮೀನುಮರಿ ತರಲು ಗಾಡಿ ಹೇಳಿದ್ದ ಹುಲಿಗೆವ್ವ ಅದನ್ನು ನೋಡಿದಳು.

“ಹಸರಿನಾಗ ಕೆಂಪು ಯಾಕ ಹಾಕ್ತೀಯೋ ತಮ್ಮಾ?”

“ಎರಡೂ ತಂಪು ಮಾಡಾವ ಯಕ್ಕಾ. ಹೊಟ್ಟಿಗೆ ಹೋದಮ್ಯಾಗ ಬಣ್ಣ ಯಾರು ಕೇಳ್ತಾರ?”

ಬಣ್ಣದ್ದಲ್ಲ ತಕರಾರು. ಬಣ್ಣ ಬರೀ ಗುರುತು, ಕಂಪನಿ ಬದಲಾದರೆ ಅದೂ ಬದಲಾಗುತ್ತದೆ. ಒಳಗಿನ ಮದ್ದು ಬೇರೆ. ನನ್ನ ಹಸಿರು ಗೋಡೆಗೆಲ್ಲ ಬೇಗ ಪದರ ಹಾಸಿ ತುಕ್ಕು ತಡೆಯುತ್ತಿತ್ತು, ಬೇಗ ಸವೆಯುತ್ತಿತ್ತು. ಆ ಕೆಂಪು ನಿಧಾನಿ, ಬಹುಕಾಲ ಬಾಳುವಂಥದ್ದು. ಒಂದೊಂದಾಗಿ ಎರಡೂ ಒಳ್ಳೆಯವೇ. ಕೂಡಿದ ಮೇಲೆ ನನ್ನ ಕೊಳವೆಗಳಲ್ಲಿ ಲೋಳೆಯಾಗಿ ಕಟ್ಟತೊಡಗಿದ್ದವು. ಹೇಳಲು ನನಗೆ ಬಾಯಿಲ್ಲ.

ಡ್ಯಾಮಿನ ಬಳಿಯ ಮೀನುಮರಿ ಕೇಂದ್ರದಲ್ಲಿ ಮರಿ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಹೇರಿದರು. ಬಿಸಿಲೇರುವ ಮುಂಚೆ ಹೊಂಡ ಸೇರದಿದ್ದರೆ ಅವು ಉಳಿಯುವುದಿಲ್ಲ. ಖಾಲಿ ಹೊಂಡ ಕಾಯ್ತಾಳೆ ಎಂದು ಊರು ನಗುತ್ತಿತ್ತು. ಹುಲಿಗೆವ್ವ ಸೆರಗು ತೋಯಿಸಿ ಚೀಲಗಳ ಮೇಲೆ ಹೊದಿಸಿದಳು.

ಏರುದಾರಿಯಲ್ಲಿ ನಾನು ಕುದಿದೆ. ಆರಲು ಬಿಟ್ಟು ಯಮನೂರಪ್ಪ ಮುಚ್ಚಳ ತೆಗೆದ.

“ಇದೇನೋ, ಒಳಗ ಅಂಬಲಿ ಕಾಸೀಯೇನು?” ಎಂದಳು ಹುಲಿಗೆವ್ವ.

ಕುಡಿಯುವ ನೀರು ಸುರಿದು ಹೊರಟರು. ಸ್ವಲ್ಪ ದೂರಕ್ಕೇ ಮತ್ತೆ ಕುದಿದೆ. ಈಗ ಉಳಿದದ್ದು ಮರಿಗಳ ನೀರು. ಅವನು ಚೀಲಗಳತ್ತ ನೋಡಿದ, ಆದರೆ ಕೇಳಲಾರದೆ ನಿಂತ. ಅವಳೇ ಒಂದು ಚೀಲ ಬಿಚ್ಚಿ, ಮರಿಗಳನ್ನು ಸೆರಗಿನಲ್ಲಿ ಸೋಸಿ ಇನ್ನೊಂದಕ್ಕೆ ಬಿಟ್ಟು, ನೀರನ್ನು ಅವನ ಕೈಗೆ ಕೊಟ್ಟಳು. ಬೇಡ, ಬೇಡ ಎಂದು ನಾನು ಒಳಗೇ ಗುಳುಗುಳಿಸಿದೆ. ಸುರಿದದ್ದು ಇಳಿಯಲಿಲ್ಲ, ಕತ್ತಿನಿಂದ ಉಕ್ಕಿ ರಸ್ತೆಗೆ ಹರಿಯಿತು.

“ಸಾಕು ಬಿಡು. ಇದರ ಗಂಟಲ ಕಟ್ಟೇತಿ,” ಎಂದಳು. ರಸ್ತೆಯ ಕೆಳಗೆ ಕೆರೆಯೊಂದು ಕಾಣುತ್ತಿತ್ತು. “ಆ ಕೆರಿ ಯಾರದು?”

“ಯಾರದೋ ಏನೋ ಯಕ್ಕಾ.”

“ಯಾರದಾರ ಇರಲಿ. ಹೊರು.”

ಇಬ್ಬರೂ ಚೀಲಗಳನ್ನು ಹೊತ್ತು ಕೆರೆಗೆ ಇಳಿದರು. ಬರುವಾಗ ಅವಳ ಕೈಯಲ್ಲಿ ಖಾಲಿ ಪ್ಲಾಸ್ಟಿಕ್ಕು. ಮುಂದಿನ ಆಸನದಲ್ಲಿ ಕೂರದೆ, ಹಿಂದೆ ಒದ್ದೆ ಹಲಗೆಯ ಮೇಲೆ ಕೂತಳು.

ಈಗ ನಾನು ಯಮನೂರಪ್ಪನ ಮನೆಯ ಗೋಡೆಗೆ ಒರಗಿದ್ದೇನೆ. ನನ್ನ ಜಾಗಕ್ಕೆ ಬಂದ ಹೊಸ ರೇಡಿಯೇಟರಿಗೆ ಒಂದೇ ಜಾತಿಯ ಕೂಲಂಟ್. ಆದರೂ ಯಮನೂರಪ್ಪ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿಯೇ ಬಗ್ಗಿಸುತ್ತಾನೆ. ನನಗೀಗ ಕುದಿ ಇಲ್ಲ, ಓಟ ಇಲ್ಲ. ನೆಮ್ಮದಿ ಮಾತ್ರ ಬಂದಿಲ್ಲ. ಅಂದು ಸೆರಗಿಗೆ ಸಿಗದ ಒಂದು ಮರಿ ನೀರಿನ ಜೊತೆ ನನ್ನ ಕತ್ತಿಗೆ ಇಳಿದಿತ್ತು. ಲೋಳೆಯಲ್ಲಿ ಅದು ಬಾಲ ಬಡಿದದ್ದು ಅವರಿಬ್ಬರಿಗೂ ಕಾಣಲಿಲ್ಲ.