ಎರಡು ನಿಮಿಷದ ಮಾತು

ಸುಳ್ಳು ಹೇಳಲೇಬೇಕಿದ್ದರೆ ನಾಲ್ಕು ಗೋಡೆಯೊಳಗೆ ಹೇಳಬೇಕು. ಪ್ರಿಯಂವದಾ ಹೇಳಿದ್ದು ಜಿನೀವಾದಲ್ಲಿ, ಅಂತರಜಾಲವನ್ನು ಹೇಗೆ ನಡೆಸಬೇಕೆಂದು ನೂರು ದೇಶದವರು ಕೂತು ಚರ್ಚಿಸುವ ಸಭೆಯಲ್ಲಿ, ಅದೂ ಮೈಕಿನ ಮುಂದೆ. ಶಿಗ್ಗಾವಿ, ಸವಣೂರು ಕಡೆಯ ಹೆಂಗಸರಿಗೆ ಮೊಬೈಲು ಕಲಿಸುವ ಸಂಸ್ಥೆಯ ಪ್ರತಿನಿಧಿ ಆಕೆ. ಸವಣೂರಿನ ಮುನವ್ವರಾಳ ಫೋಟೋ ಪರದೆಯ ಮೇಲೆ ತೋರಿಸಿ, ಇವಳ ಗಂಡ ಇವಳಿಗೆ ಫೋನು ಮುಟ್ಟಗೊಡುತ್ತಿರಲಿಲ್ಲ, ನಾವು ಹೋಗಿ ಕೈಗೆ ಕೊಡಿಸಿದೆವು ಎಂದುಬಿಟ್ಟಳು. ಭರ್ಜರಿ ಚಪ್ಪಾಳೆ ಬಿತ್ತು.

ಆ ಗಂಡ ಗೌಸಸಾಬನೋ, ಪುಣ್ಯಾತ್ಮ, ತಾನೇ ಫೋನು ತಂದುಕೊಟ್ಟು, ಹೆಂಡತಿ ಹೊಲಿದ ಜಂಪರುಗಳ ಫೋಟೋ ಗಿರಾಕಿಗಳಿಗೆ ಕಳಿಸುವುದನ್ನು ಕಲಿಸಿದವನು. ಪ್ರಿಯಂವದಾಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಚಪ್ಪಾಳೆಗೆ ಅಷ್ಟು ಸಾಲದು ಅನಿಸಿತ್ತು.

ಸಭೆಯ ನೇರ ಪ್ರಸಾರದ ಲಿಂಕನ್ನು ಈ ಹೆಂಗಸರ ವಾಟ್ಸಾಪ್ ಗ್ರೂಪಿಗೆ ಹಾಕಿದವಳೂ ಆಕೆಯೇ. ಇಂಗ್ಲಿಷು ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಮುನವ್ವರಾಳ ಮಗಳು ಫರ್ಜಾನಾ ಕಾಲೇಜು ಓದುವವಳು, ಓಣಿಯ ಹೆಂಗಸರನ್ನೆಲ್ಲ ಕೂಡಿಸಿ ಒಂದೊಂದು ಮಾತೂ ಬಿಡಿಸಿ ಹೇಳಿದ್ದಳು.

ಊರು ಮುಟ್ಟಿ ಈ ಸುದ್ದಿ ಕೇಳಿದವಳೇ ಪ್ರಿಯಂವದಾ, ನನ್ನ ಮಾತನ್ನು ಅಳಿಸಿಹಾಕಿ ಎಂದು ಸಭೆಯ ಕಚೇರಿಗೆ ಬರೆದಳು. ಆಡಿದ್ದನ್ನು ದಾಖಲೆಯಿಂದ ತೆಗೆಯುವುದಿಲ್ಲ, ಬೇಕಾದರೆ ಬುಧವಾರದ ಆನ್‌ಲೈನ್ ಸಭೆಯಲ್ಲಿ ಎರಡು ನಿಮಿಷ ಮಾತಾಡಿ ತಿದ್ದಬಹುದು ಎಂದು ಉತ್ತರ ಬಂತು.

ಯಲವಿಗಿಯಲ್ಲಿ ರೈಲು ಇಳಿದು ಸವಣೂರಿಗೆ ಹೋದಳು. ಗೌಸಸಾಬ ಕುರ್ಚಿ ಹಾಕಿದ, ಚಹಾ ತರಿಸಿದ, ಖಾರಾ ಮುಂದಿಟ್ಟ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ತಪ್ಪಾಯಿತು, ಬುಧವಾರ ನಾನೇ ತಿದ್ದಿ ಹೇಳುತ್ತೇನೆ ಎಂದಷ್ಟೇ ಬಾಯಿಂದ ಹೊರಟಿತು.

"ಮಸೀದಿಗೆ ಹೋದ್ರ ಮಂದಿ ನನ್ನ ಮಾರಿ ನೋಡ್ತಾರ್ರಿ," ಎಂದ ಗೌಸಸಾಬ.

ಮುನವ್ವರಾ ಹೊಲಿಗೆ ಮಷಿನ್ನಿನಿಂದ ಕಣ್ಣೆತ್ತಿದಳು. "ಆ ಎರಡು ನಿಮಿಷ ಯಾರು ಬೇಕಾದ್ರೂ ಮಾತಾಡಬಹುದೇನ್ರಿ, ಅಕ್ಕಾರ?"

"ಯಾರು ಬೇಕಾದ್ರೂ. ಹೆಸರು ಬರಸಿದ್ರ ಆತು."

"ಮೊದಲಿಂದಾನೂ ಹಂಗ ಐತೇನ್ರಿ?"

ಮೊದಲಿನಿಂದಲೂ ಹಾಗೇ ಇತ್ತು. ಮೂರು ವರ್ಷ ಇವರ ಪರವಾಗಿ ಮಾತಾಡಿದವಳು ಒಮ್ಮೆಯೂ ಅದನ್ನು ಇವರಿಗೆ ಹೇಳಿರಲಿಲ್ಲ. ಪ್ರಿಯಂವದಾ ತಲೆ ತಗ್ಗಿಸಿ ಹೌದೆಂದಳು.

"ಹಂಗಾರ ನನ್ನ ಹೆಸರು ಬರಸ್ರಿ. ಇಂಗ್ಲಿಷಿನ್ಯಾಗ ಹೇಳಾಕ ಫರ್ಜಾನಾ ಅದಾಳ. ನೀವು ಬಾಜೂಕ ಕುಂತು ಕೇಳ್ರಿ."

ಪ್ರಿಯಂವದಾ ಫೋನಿನಲ್ಲಿ ಅರ್ಜಿ ತೆರೆದು ಮುನವ್ವರಾಳ ಹೆಸರು ತುಂಬಿದಳು. ಅದರ ಕೆಳಗೆ, ಯಾರ ಪರವಾಗಿ ಮಾತಾಡುತ್ತೀರಿ ಎಂಬ ಪ್ರಶ್ನೆಯಿತ್ತು. ಪ್ರತಿವರ್ಷ ತಾನು ಅಲ್ಲಿ ‘ಶಿಗ್ಗಾವಿ, ಸವಣೂರಿನ ಹೆಂಗಸರ ಪರವಾಗಿ’ ಎಂದು ಬರೆಯುತ್ತಿದ್ದುದು ನೆನಪಾಗಿ ಅವಳ ಬೆರಳು ಮುಂದೆ ಹೋಗಲಿಲ್ಲ.