ಮಡಚದ ಕಾಲು

"ಒತ್ತಬ್ಯಾಡ್ರಿ ಬಾವಾರ, ಅವರಿಗೆ ನೋಯತೈತಿ," ಎಂದಳು ದೇವಕ್ಕ.

ತಮ್ಮನ ಹೆಂಡತಿ ಹಾಗೆಂದಾಗ ಶಂಕರೆಪ್ಪ ಅವನ ಮೊಣಕಾಲಿನಿಂದ ಕೈ ತೆಗೆದ. ಹೆಣವನ್ನು ಪದ್ಮಾಸನದಲ್ಲಿ ಕೂರಿಸಬೇಕು, ಕೂತಂತೆಯೇ ಮಣ್ಣು ಮಾಡಬೇಕು. ಅದು ಮನೆತನದ ರೀತಿ. ನಸುಕಿನಲ್ಲಿ ಎದೆ ಹಿಡಿದುಕೊಂಡು ಹೋದ ನಿಜಗುಣಪ್ಪನ ಎಡಗಾಲು ಸುಮ್ಮನೆ ಮಡಚಿಕೊಂಡಿತು. ಸರಳು ಹಾಕಿದ್ದ ಬಲಗಾಲು ಮಾತ್ರ ಬದುಕಿದ್ದಾಗಿನಂತೆಯೇ ನೆಟ್ಟಗೆ ಚಾಚಿಕೊಂಡಿತ್ತು.

ಶಂಕರೆಪ್ಪ ಹೊರಗೆ ಹೋದ, ಒಳಗೆ ಬಂದ, ಮತ್ತೆ ಗಡಿಯಾರ ನೋಡಿದ. ಒಂಬತ್ತು. ಒಂಬತ್ತೂವರೆಯ ಬೈಲಹೊಂಗಲ ಬಸ್ಸಿಗೆ ಇವತ್ತು ಅಣ್ಣತಮ್ಮ ಇಬ್ಬರೂ ಹೋಗಬೇಕಿತ್ತು. ತಮ್ಮನ ಅಪಘಾತದ ಪರಿಹಾರದ ದಾವೆಯಲ್ಲಿ ಶಂಕರೆಪ್ಪ ಸಾಕ್ಷಿ ಹೇಳುವ ತಾರೀಖು. ಆರು ವರ್ಷದಲ್ಲಿ ನಿಜಗುಣಪ್ಪ ಒಂದು ತಾರೀಖನ್ನೂ ತಪ್ಪಿಸಿರಲಿಲ್ಲ. ಕಾಲು ನಿಂತಲ್ಲಿ ನಿಲ್ಲದೆ ಶಂಕರೆಪ್ಪ ವಕೀಲ ಗೌರೀಶನಿಗೆ ಫೋನು ಹಚ್ಚಿದ.

"ವಕೀಲ್ರ, ನಾ ಒಬ್ಬನ ಬಂದು ಹೇಳಿ ಹೋಗ್ಲೇನ್ರಿ?"

"ಇವತ್ತ ಏನೂ ನಡಿಯೂದಿಲ್ರಿ ಶಂಕರೆಪ್ಪಾರ. ತೀರಿಕೊಂಡ್ರು ಅಂತ ಕೋರ್ಟಿಗೆ ನಾ ತಿಳಸ್ತೇನಿ. ವಾರಸದಾರರ ಹೆಸರು ಸೇರಿಸಿದ ಮ್ಯಾಲ ನಿಮ್ಮ ಸಾಕ್ಷಿ."

"ಅದ್ಯಾವಾಗ್ರಿ?"

"ಮೂರು ತಿಂಗಳಾಗಬಹುದು. ನೀವು ಮಣ್ಣು ಮುಗಸ್ರಿ."



*

ನಿಜಗುಣಪ್ಪನಿಗೆ ಟಿಪ್ಪರು ಗುದ್ದಿದ ಮರುವರ್ಷದ ಮಾತು. ದೊಡವಾಡದ ಚಹದಂಗಡಿಯಲ್ಲಿ ಗುರುತಿಲ್ಲದವನೊಬ್ಬ ಪಕ್ಕ ಕೂತು, "ನಿಮ್ಮ ತಮ್ಮ ಹೆಂಗದಾರ್ರಿ?" ಎಂದಿದ್ದ. ಕಂಡವರ ಮುಂದೆ ಮನೆಯ ನೋವು ಯಾರು ಬಿಚ್ಚುತ್ತಾರೆ? "ಆರಾಮ ಅದಾನ್ರಿ. ಹೊಲಕ್ಕ ಹೋಗ್ತಾನ, ಬರ್ತಾನ. ಏನೂ ತ್ರಾಸಿಲ್ಲ," ಎಂದು ಶಂಕರೆಪ್ಪ ಮೀಸೆ ತೀಡಿದ್ದ. ಅವನಿಗೆ ಇನ್ನೊಂದು ಚಹ ಬೇರೆ ಹೇಳಿದ್ದ.

ಅವನು ಟಿಪ್ಪರಿನ ವಿಮೆಯವರ ಕಡೆಯವನು. ಆ ಮಾತು ಕೋರ್ಟು ಸೇರಿತು. ಎದುರು ವಕೀಲ ಅದನ್ನೇ ಓದಿ, ಕಾಲು ಮಡಚುತ್ತದೆ, ಇದೆಲ್ಲ ನಾಟಕ ಎಂದ. ತನ್ನ ಸುಡುಗಾಡು ಬಾಯಿ.

ನಿಜಗುಣಪ್ಪ ಅಣ್ಣನಿಗೆ ಬೈಯಲಿಲ್ಲ, ಅವನ ಜೊತೆ ಮಾತು ಬಿಟ್ಟ. ಕೋರ್ಟಿನ ಬೆಂಚಿನ ಮೇಲೆ ಕಾಲು ಅಡ್ಡ ಚಾಚಿ ಕೂತು, ಎಡವಿದವರಿಂದ ಬೈಸಿಕೊಳ್ಳುತ್ತ ತಾರೀಖು ಕಳೆದ. ಐದು ವರ್ಷ ಒಳಗೊಳಗೇ ಬೆಂದ ಶಂಕರೆಪ್ಪ ಹೋದ ವಾರ ತಮ್ಮನ ಬಾಗಿಲಿಗೆ ಹೋಗಿ, "ನಾ ಬಂದು ಖರೇ ಹೇಳ್ತೇನಿ," ಎಂದ.

ನಿಜಗುಣಪ್ಪ ಐದು ವರ್ಷದ ಮೇಲೆ ಅಣ್ಣನ ಜೊತೆ ಮಾತಾಡಿದ. "ಬಸ್ಸಿನ್ಯಾಗ ಕಿಡಕಿ ಕಡೆ ನೀ ಕುಂದ್ರು ಅಣ್ಣಾ. ನನ್ನ ಕಾಲಿಗೆ ನಡುದಾರಿ ಬೇಕು."

*

ಮಧ್ಯಾಹ್ನ ಹೊಲದ ಬದುವಿನಲ್ಲಿ ಕುಣಿ ತೋಡಿ, ಅದರ ಗೋಡೆಯಲ್ಲಿ ಹೆಣ ಕೂರಿಸುವ ಗೂಡು ಕೊರೆದಿದ್ದ ಬಸಲಿಂಗಪ್ಪ ಹೆಣದ ಕಾಲು ನೋಡಿ ತಲೆ ಕೆರೆದುಕೊಂಡ.

"ಗೂಡು ಸಣ್ಣದಾತ್ರಿ. ಮೊಣಕಾಲಿನ ಕೀಲು ಮುರದ್ರ ಸರಿಯಾಗಿ ಕುಂದರತಾರ."

"ಮುಟ್ಟಬ್ಯಾಡ," ಎಂದ ಶಂಕರೆಪ್ಪ. ನೆರೆದ ಮಂದಿ ತಿರುಗಿ ನೋಡಿದರು. ವಾರವಿಡೀ ಬಾಯಿಪಾಠ ಮಾಡಿಕೊಂಡಿದ್ದ ಮಾತು ತಾನಾಗಿ ಹೊರಬಿತ್ತು. "ಆ ಕಾಲು ಮಡಚೂದಿಲ್ಲ. ಟಿಪ್ಪರು ಹಾಯ್ದಾಗಿಂದ ಮಡಚಿಲ್ಲ. ಆರಾಮ ಅದಾನಂತ ನಾ ಹೇಳಿದ್ದು ಸುಳ್ಳು."

ದೇವಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಶಂಕರೆಪ್ಪ ಧೋತರ ಮೇಲೆ ಕಟ್ಟಿ ಕುಣಿಗಿಳಿದ. ಗುದ್ದಲಿ ಇಸಿದುಕೊಂಡು ಗೂಡಿನೆದುರಿನ ಗೋಡೆ ಕಡಿಯತೊಡಗಿದ. ಉಸಿರು ಹತ್ತಿದಾಗ ಗುದ್ದಲಿ ಬದಿಗಿಟ್ಟ. ಅಣ್ಣತಮ್ಮ ಇಬ್ಬರದೂ ಒಂದೇ ಎತ್ತರ. ಅವನು ಗೂಡಿನಲ್ಲಿ ತಾನೇ ಕೂತು, ಎಡಗಾಲು ಮಡಚಿ, ಬಲಗಾಲು ನೆಟ್ಟಗೆ ಚಾಚಿದ. ಹಿಮ್ಮಡಿ ಮಣ್ಣಿಗೆ ತಾಕಿತು.

"ಇನ್ನೊಂದು ಗೇಣು ಬೇಕು," ಎಂದು ಕೂತಲ್ಲಿಂದಲೇ ಗುದ್ದಲಿಗೆ ಕೈ ಚಾಚಿದ.